ಎದೆಯುರಿಗೆ ಮಾತ್ರೆ: ನಿಲ್ಲುವುದು ಆಮ್ಲವೋ, ಹರಿವೋ?

ಮದುವೆಮನೆಯಲ್ಲಿ ಊಟ ಮುಗಿಸಿ ಬಂದು ಮಧ್ಯಾಹ್ನ ಒಂದು ಗಳಿಗೆ ಅಡ್ಡಾದಿರಿ ಎನ್ನಿ. ಸ್ವಲ್ಪ ಹೊತ್ತಿನಲ್ಲೇ ಎದೆಮೂಳೆಯ ಹಿಂದೆ ಉರಿ ಶುರುವಾಗುತ್ತದೆ. ಹುಳಿ ನೀರು ಗಂಟಲಿನವರೆಗೆ ಏರಿ ಬಂದು ಹಿಂದಿರುಗುತ್ತದೆ. ನಮ್ಮಲ್ಲಿ ಇದಕ್ಕೆ 'ಗ್ಯಾಸ್ಟ್ರಿಕ್' ಎಂದು ಹೆಸರು. ಇಂಗ್ಲಿಷಿನಲ್ಲಿ 'ಜಠರಕ್ಕೆ ಸಂಬಂಧಿಸಿದ' ಎಂಬ ಅರ್ಥದ ಬರಿಯ ವಿಶೇಷಣವಾಗಿರುವ ಈ ಪದ ಕನ್ನಡಕ್ಕೆ ಬಂದು ರೋಗದ ಹೆಸರಾಗಿಬಿಟ್ಟಿದೆ. ಹೊಟ್ಟೆಯುಬ್ಬರ, ಎದೆಯುರಿ, ಹುಳಿತೇಗು, ಬೆನ್ನು ಹಿಡಿದದ್ದು - ಎಲ್ಲಕ್ಕೂ ಇದೇ ಹೆಸರು. ಎಲ್ಲಕ್ಕೂ ಔಷಧಿ ಅಂಗಡಿಯಲ್ಲಿ ಅದೇ ಮಾತ್ರೆ.

ನನ್ನ ಪರಿಚಯದ ಶಿಕ್ಷಕರೊಬ್ಬರು ಎರಡು ವರ್ಷದಿಂದ ಆ ಮಾತ್ರೆ ನುಂಗುತ್ತಿದ್ದರು. "ಇದು ಕೆಲಸ ಮಾಡ್ತಾನೇ ಇಲ್ಲ ಮೇಷ್ಟ್ರೇ, ಎರಡು ತಗೊಳ್ಳಲಾ ಅಂತಿದೀನಿ" ಎಂದರು. ತೊಂದರೆ ಏನೆಂದು ಬಿಡಿಸಿ ಕೇಳಿದೆ. ಉರಿ ಬಹುಮಟ್ಟಿಗೆ ಇಲ್ಲ. ಆದರೆ ಪುಸ್ತಕ ತಿದ್ದಲು ಬಗ್ಗಿ ಕುಳಿತರೆ ಬಾಯಿಗೆ ನೀರು ಬರುತ್ತದೆ. ಆ ನೀರು ಮೊದಲಿನಷ್ಟೇ ಹುಳಿಯೇ ಎಂದು ಕೇಳಿದಾಗ ಅವರು ಒಂದು ಕ್ಷಣ ಯೋಚಿಸಿ, "ಇಲ್ಲ, ಈಗ ಸಪ್ಪೆ" ಎಂದರು. ಅಂದರೆ ಮಾತ್ರೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು! ಅದು ಮಾಡದ ಕೆಲಸವನ್ನು ಅದರಿಂದ ನಿರೀಕ್ಷಿಸಲಾಗಿತ್ತು, ಅಷ್ಟೆ. ಆಮ್ಲ ತಗ್ಗಿಸುವ ಮಾತ್ರೆಗಳು ಎದೆಯುರಿಯನ್ನು ಎಷ್ಟರಮಟ್ಟಿಗೆ ಹತೋಟಿಗೆ ತರುತ್ತವೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಅವು ಏನನ್ನು ನಿಲ್ಲಿಸುತ್ತವೆ, ಏನನ್ನು ನಿಲ್ಲಿಸುವುದಿಲ್ಲ ಎಂಬುದನ್ನು ಮೊದಲು ನೋಡಬೇಕು.

ಆಮ್ಲ ಎತ್ತುವ ಪಂಪು

ಜಠರದಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. ನಮ್ಮ ದೇಹ ಪ್ರಯೋಗಶಾಲೆಯ ಸೀಸೆಯಲ್ಲಿರುವ ಆಮ್ಲವನ್ನೇ ತಯಾರಿಸುತ್ತದೆ ಎಂಬುದನ್ನು ಅಂದಿನ ಅನೇಕರು ಸುಲಭವಾಗಿ ಒಪ್ಪಲಿಲ್ಲ. ಈ ಆಮ್ಲವನ್ನು ಸ್ರವಿಸುವುದು ಜಠರದ ಒಳಪದರದಲ್ಲಿರುವ ಪೆರೈಟಲ್ ಕೋಶಗಳು. ಕೋಶದ ಒಳಗಿನ ಪಿಎಚ್ ಸುಮಾರು 7. ಅದು ಹೊರಕ್ಕೆ ಹಾಕುವ ದ್ರವದ ಪಿಎಚ್ ಸುಮಾರು 1. ಪಿಎಚ್‌ನಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ ಎಂಬುದು ನಿಮಗೆ ಗೊತ್ತು. ಆರು ಅಂಕಿ ಎಂದರೆ ಹತ್ತು ಲಕ್ಷ ಪಟ್ಟು. ಇಷ್ಟು ಕಡಿದಾದ ಏರಿನ ಎದುರು ಅಯಾನುಗಳನ್ನು ನೂಕಲು ಶಕ್ತಿ ಬೇಕು. ಕೋಶದ ಪೊರೆಯಲ್ಲಿರುವ ಒಂದು ಕಿಣ್ವ ಎಟಿಪಿಯನ್ನು ಒಡೆದು, ಆ ಶಕ್ತಿಯಿಂದ ಒಂದು ಪೊಟ್ಯಾಸಿಯಮ್ ಅಯಾನನ್ನು ಒಳಕ್ಕೆಳೆದುಕೊಂಡು ಒಂದು ಹೈಡ್ರೊಜನ್ ಅಯಾನನ್ನು, ಅಂದರೆ ಒಂದು ಪ್ರೋಟಾನನ್ನು, ಹೊರಕ್ಕೆ ತಳ್ಳುತ್ತದೆ. ಇದೇ ಪ್ರೋಟಾನ್ ಪಂಪ್.

ಪಂಪಿಗೆ 'ಓಡು' ಎಂಬ ಸಂಜ್ಞೆ ಮೂರು ಕಡೆಯಿಂದ ಬರುತ್ತದೆ: ನರದ ತುದಿಯಿಂದ ಅಸಿಟೈಲ್ ಕೋಲೀನ್, ಪಕ್ಕದ ಕೋಶಗಳಿಂದ ಹಿಸ್ಟಮೀನ್, ರಕ್ತದ ಮೂಲಕ ಗ್ಯಾಸ್ಟ್ರಿನ್ ಎಂಬ ಹಾರ್ಮೋನು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ಹಿಸ್ಟಮೀನಿನ ದಾರಿಯನ್ನು ತಡೆಯುವ ಸಿಮೆಟಿಡೀನ್ ಮದ್ದನ್ನು ಕಂಡುಹಿಡಿದರು. ಅದು 1976ರಲ್ಲಿ ಬಳಕೆಗೆ ಬಂತು. ಬ್ಲ್ಯಾಕ್ 1988ರ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಇದೇ ಕುಟುಂಬದ ರ‍್ಯಾನಿಟಿಡೀನ್ ನಮ್ಮ ಮನೆಮನೆಯ ಮಾತ್ರೆಯಾಗಿತ್ತು. ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ಕಲ್ಮಶ ಅದರಲ್ಲಿ ಕಂಡದ್ದರಿಂದ ಅಮೆರಿಕದಲ್ಲಿ 2020ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಯಲಾಯಿತು. ಭಾರತದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದಲೂ 2022ರಲ್ಲಿ ಅದನ್ನು ಕೈಬಿಡಲಾಯಿತು. ಈ ಗುಂಪಿನ ಮದ್ದುಗಳಿಗೆ ಇನ್ನೊಂದು ಮಿತಿಯೂ ಇದೆ. ಮೂರು ಬಾಗಿಲುಗಳಲ್ಲಿ ಒಂದನ್ನು ಮಾತ್ರ ಅವು ಮುಚ್ಚುತ್ತವೆ. ದಿನವೂ ಸೇವಿಸಿದರೆ ಕೆಲವೇ ವಾರಗಳಲ್ಲಿ ದೇಹ ಅವಕ್ಕೆ ಒಗ್ಗಿಕೊಂಡು ಪರಿಣಾಮ ಕುಗ್ಗುತ್ತದೆ.

ಮೂರು ಬಾಗಿಲನ್ನು ಕಾಯುವುದರ ಬದಲು ಪಂಪನ್ನೇ ನಿಲ್ಲಿಸಿದರೆ? ಸ್ವೀಡನ್ನಿನ ಹೆಸ್ಲೆ ಸಂಸ್ಥೆಯ ರಸಾಯನವಿಜ್ಞಾನಿಗಳು 1979ರಲ್ಲಿ ತಯಾರಿಸಿದ ಒಮೆಪ್ರಜೋಲ್ ಮಾಡುವುದು ಅದನ್ನೇ. ದೀರ್ಘಕಾಲ ಭಾರಿ ಪ್ರಮಾಣದಲ್ಲಿ ಕೊಟ್ಟ ಇಲಿಗಳ ಜಠರದಲ್ಲಿ ಗಂತಿಗಳು ಕಂಡವೆಂದು 1984ರಲ್ಲಿ ಮಾನವರ ಮೇಲಿನ ಪ್ರಯೋಗಗಳನ್ನು ನಿಲ್ಲಿಸಲಾಗಿತ್ತು. ಗಂತಿಗೆ ಕಾರಣ ಮದ್ದಲ್ಲ, ಆಮ್ಲ ತಗ್ಗಿದಾಗ ಏರಿದ ಗ್ಯಾಸ್ಟ್ರಿನ್ ಎಂದು ತಿಳಿದ ಮೇಲೆ ಪ್ರಯೋಗ ಮುಂದುವರಿಯಿತು. 1988ರಲ್ಲಿ ಮದ್ದು ಬಳಕೆಗೆ ಬಂತು. ಈ ಗ್ಯಾಸ್ಟ್ರಿನ್ ಮತ್ತೆ ನಮ್ಮ ಕತೆಯೊಳಗೆ ಬರುತ್ತದೆ, ನೆನಪಿಡಿ. ಪ್ಯಾಂಟೊಪ್ರಜೋಲ್, ರ‍್ಯಾಬಿಪ್ರಜೋಲ್, ಎಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ - ಹೆಸರು 'ಪ್ರಜೋಲ್' ಎಂದು ಮುಗಿಯುವ ಇವೆಲ್ಲ ಅದರ ಸೋದರರು.

ಈ ಅಣುವಿನ ನಡವಳಿಕೆ ರಸಾಯನವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಅದೊಂದು ದುರ್ಬಲ ಪ್ರತ್ಯಾಮ್ಲ. ರಕ್ತದಲ್ಲಿ ಅದಕ್ಕೆ ವಿದ್ಯುದಾವೇಶ ಇಲ್ಲ. ಆದ್ದರಿಂದ ಕೋಶಗಳ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಪೆರೈಟಲ್ ಕೋಶದ ಆಮ್ಲೀಯ ನಾಲೆಯನ್ನು ಹೊಕ್ಕೊಡನೆ ಒಂದು ಪ್ರೋಟಾನನ್ನು ಹಿಡಿದುಕೊಂಡು ಆವೇಶ ಪಡೆಯುತ್ತದೆ. ಆವೇಶ ಇರುವ ಅಣು ಪೊರೆಯನ್ನು ಮತ್ತೆ ದಾಟಲಾರದು, ಅಲ್ಲೇ ಸಿಕ್ಕಿಬೀಳುತ್ತದೆ. ಹೀಗೆ ದೇಹದ ಬೇರೆಲ್ಲೂ ಇಲ್ಲದಷ್ಟು ಸಾಂದ್ರತೆಯಲ್ಲಿ ಅದು ಆಮ್ಲವಿರುವ ಜಾಗದಲ್ಲೇ ಗುಡ್ಡೆಯಾಗುತ್ತದೆ. ಆಮ್ಲದಲ್ಲಿ ಅದರ ರಚನೆ ಬದಲಾಗಿ, ಪಂಪಿನ ಪ್ರೋಟೀನಿನಲ್ಲಿರುವ ಗಂಧಕದ ಪರಮಾಣುವಿನೊಡನೆ ಗಟ್ಟಿ ಬಂಧ ಕಟ್ಟಿಕೊಳ್ಳುತ್ತದೆ. ಆ ಪಂಪಿನ ಕೆಲಸ ಅಲ್ಲಿಗೆ ಮುಗಿಯಿತು. ಕೋಶ ಹೊಸ ಪಂಪುಗಳನ್ನು ತಯಾರಿಸಿಕೊಳ್ಳಬೇಕು. ದಿನವೊಂದಕ್ಕೆ ಸುಮಾರು ಕಾಲುಭಾಗದಷ್ಟು ಹೊಸದಾಗಿ ಬರುತ್ತವೆ.

ಮಾತ್ರೆಯನ್ನು ಯಾವಾಗ ನುಂಗಬೇಕು ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಆಮ್ಲವಿದ್ದರೆ ತಾನೇ ಮದ್ದು ಸಿಕ್ಕಿಬೀಳುವುದು? ಓಡುತ್ತಿರುವ ಪಂಪಿಗೆ ಮಾತ್ರ ಅದು ತಗಲುತ್ತದೆ. ವಿಶ್ರಾಂತಿಯಲ್ಲಿರುವ ಪಂಪುಗಳು ಕೋಶದೊಳಗೆ ಮಡಚಿ ಇಟ್ಟ ಪೊರೆಗಳಲ್ಲಿ ಅಡಗಿರುತ್ತವೆ. ಪಂಪುಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ಎದ್ದು ಓಡತೊಡಗುವುದು ರಾತ್ರಿಯ ಉಪವಾಸದ ನಂತರದ ಮೊದಲ ಊಟಕ್ಕೆ. ಮದ್ದಾದರೋ ರಕ್ತದಲ್ಲಿ ಕೆಲವೇ ಗಂಟೆ ಇರುತ್ತದೆ. ಅದರ ಅರ್ಧಾಯು ಸುಮಾರು ಒಂದು ಗಂಟೆ. ಆದ್ದರಿಂದ ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಮಾತ್ರೆ ನುಂಗಬೇಕು. ನಮ್ಮ ಶಿಕ್ಷಕರಂತೆ ರಾತ್ರಿ ಊಟ ಮುಗಿಸಿ ಮಲಗುವಾಗ ನುಂಗಿದರೆ, ಪಂಪುಗಳು ಮಲಗಿದ ಮೇಲೆ ಮದ್ದು ಬಂದು, ಅವು ಏಳುವ ಮೊದಲೇ ಹೊರಟುಹೋಗಿರುತ್ತದೆ. ಮೊದಲ ದಿನವೇ ಪೂರ್ಣ ಪರಿಣಾಮ ಕಾಣುವುದೂ ಇಲ್ಲ. ದಿನದಿನಕ್ಕೆ ಇನ್ನಷ್ಟು ಪಂಪುಗಳು ಕಟ್ಟಿಬಿದ್ದು, ಮೂರರಿಂದ ಐದು ದಿನಗಳಲ್ಲಿ ಹೊಸ ಪಂಪಿಗೂ ನಿಂತ ಪಂಪಿಗೂ ಒಂದು ಸಮತೋಲ ಏರ್ಪಡುತ್ತದೆ. ಆಗಲೂ ಆಮ್ಲ ಪೂರ್ತಿ ನಿಂತಿರುವುದಿಲ್ಲ. ಇನ್ನೊಂದು ಮಾತು: ಜಠರದ ಆಮ್ಲದಲ್ಲೇ ಈ ಅಣು ಹಾಳಾಗುವುದರಿಂದ ಅದಕ್ಕೆ ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆ ಕೊಟ್ಟಿರುತ್ತಾರೆ. ಮಾತ್ರೆಯನ್ನು ಪುಡಿಮಾಡಿ ಅಥವಾ ಅಗಿದು ನುಂಗಬಾರದು.

ಸೋರುವ ಕವಾಟ

ಈಗ ಜಠರದಿಂದ ಮೇಲಕ್ಕೆ ಬನ್ನಿ. ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಸ್ನಾಯು ಉಂಗುರವಿದೆ. ಸುತ್ತಲೂ ವಪೆಯ ಸ್ನಾಯು ಅದನ್ನು ಹೊರಗಿನಿಂದ ಹಿಂಡಿ ಹಿಡಿದಿರುತ್ತದೆ. ನುಂಗಿದಾಗ ತೆರೆದು, ಉಳಿದ ಹೊತ್ತು ಮುಚ್ಚಿರಬೇಕಾದ ಬಾಗಿಲು ಇದು. ಆದರೆ ಊಟದೊಡನೆ ನುಂಗಿದ ಗಾಳಿ ಹೊರಹೋಗಬೇಕಲ್ಲ? ಜಠರದ ಮೇಲ್ಭಾಗ ಹಿಗ್ಗಿದಾಗ ನರಗಳ ಮೂಲಕ ಸಂಜ್ಞೆ ಹೋಗಿ, ನುಂಗದಿದ್ದರೂ ಉಂಗುರ ಹತ್ತಾರು ಸೆಕೆಂಡು ಸಡಿಲಗೊಳ್ಳುತ್ತದೆ. ನಾವು ತೇಗುವುದು ಹೀಗೆ. ಗಾಳಿಯೊಡನೆ ಸ್ವಲ್ಪ ದ್ರವವೂ ಮೇಲೆ ಬಂದರೆ ಅದು ಹಿಮ್ಮುಖ ಹರಿವು. ಆರೋಗ್ಯವಂತರಲ್ಲೂ ದಿನಕ್ಕೆ ಹಲವು ಬಾರಿ ಹೀಗಾಗುತ್ತದೆ. ಉಂಗುರ ದುರ್ಬಲವಾಗಿದ್ದರೆ, ಜಠರದ ತುದಿ ವಪೆಯ ರಂಧ್ರದಿಂದ ಎದೆಯೊಳಕ್ಕೆ ಜಾರಿದ್ದರೆ, ಬೊಜ್ಜು ಹೊಟ್ಟೆಯನ್ನು ಒತ್ತುತ್ತಿದ್ದರೆ ಹರಿವು ಹೆಚ್ಚು. ಜಠರಕ್ಕೆ ಲೋಳೆ ಮತ್ತು ಬೈಕಾರ್ಬನೇಟಿನ ದಪ್ಪ ಕವಚವಿದೆ, ಅನ್ನನಾಳಕ್ಕೆ ಅಂಥ ಕವಚ ಇಲ್ಲ. ಆದ್ದರಿಂದ ಅದೇ ಆಮ್ಲ ಇಲ್ಲಿ ಉರಿಸುತ್ತದೆ.

ಪ್ರಜೋಲ್ ಮಾತ್ರೆಗೂ ಈ ಬಾಗಿಲಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪ್ರಯೋಗವೊಂದು 2001ರಲ್ಲಿ ಪ್ರಕಟವಾಯಿತು. ಅನ್ನನಾಳದೊಳಕ್ಕೆ ತೆಳುವಾದ ನಳಿಕೆಯೊಂದನ್ನು ಇಳಿಸುತ್ತಾರೆ. ಅದರ ಮೇಲೆ ಅಲ್ಲಲ್ಲಿ ವಿದ್ಯುದಗ್ರಗಳ ಜೋಡಿಗಳಿರುತ್ತವೆ, ಜೊತೆಗೆ ಒಂದು ಪಿಎಚ್ ಸಂವೇದಕ. ದ್ರವ ಮುಟ್ಟಿದ ಕಡೆ ವಿದ್ಯುತ್ ಪ್ರವಾಹಕ್ಕಿರುವ ತಡೆ ಇಳಿಯುತ್ತದೆ. ಕೆಳಗಿನ ಜೋಡಿಯಲ್ಲಿ ಮೊದಲು ಇಳಿದು ಆಮೇಲೆ ಮೇಲಿನದರಲ್ಲಿ ಇಳಿದರೆ ದ್ರವ ಕೆಳಗಿನಿಂದ ಮೇಲಕ್ಕೆ ಬಂದಿತೆಂದು ಅರ್ಥ. ಅದು ಆಮ್ಲವೋ ಅಲ್ಲವೋ ಎಂಬುದನ್ನು ಪಿಎಚ್ ಸಂವೇದಕ ಹೇಳುತ್ತದೆ. ಎದೆಯುರಿಯ 12 ಮಂದಿಯಲ್ಲಿ, ಊಟದ ನಂತರ, ಮದ್ದಿಗೆ ಮೊದಲು ಒಟ್ಟು 217 ಬಾರಿ ಹಿಮ್ಮುಖ ಹರಿವು ದಾಖಲಾಯಿತು. ಒಂದು ವಾರ ದಿನಕ್ಕೆರಡು ಬಾರಿ ಒಮೆಪ್ರಜೋಲ್ ಕೊಟ್ಟು ಮತ್ತೆ ಅಳೆದಾಗ 261 ಬಾರಿ! ಸಂಖ್ಯೆ ತಗ್ಗಲೇ ಇಲ್ಲ. (ಈ ಹೆಚ್ಚಳ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಗಣನೀಯವಲ್ಲ, ಮದ್ದಿನಿಂದ ಹರಿವು ಹೆಚ್ಚಿತೆಂದು ತಿಳಿಯಬೇಡಿ.) ಬದಲಾದದ್ದು ಹರಿವಿನ ಗುಣ. ಮೊದಲು 98 ಬಾರಿ ಬಂದಿದ್ದ ಆಮ್ಲೀಯ ಹರಿವು ಮದ್ದಿನ ನಂತರ 7ಕ್ಕೆ ಇಳಿದಿತ್ತು. ಆಮ್ಲೀಯವಲ್ಲದ ಹರಿವು 119ರಿಂದ 254ಕ್ಕೆ ಏರಿತ್ತು. ಉರಿ ಮತ್ತು ಹುಳಿ ರುಚಿ ಆಮ್ಲೀಯ ಹರಿವಿನ ಜೊತೆಗೇ ಹೆಚ್ಚಾಗಿ ಬಂದವು. ಬಾಯಿಗೆ ನೀರು ಬರುವುದಕ್ಕೆ ಆಮ್ಲವೇ ಬೇಕೆಂದಿರಲಿಲ್ಲ.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಮುಚ್ಚಳ ಸಡಿಲವಿರುವ ಬಾಟಲಿಗೆ ನಿಂಬೆರಸ ಬೆರೆಸಿದ ನೀರು ಹಾಕಿ ಬಗ್ಗಿಸಿ. ಸೋರಿದ ಹನಿ ನೀಲಿ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ. ನೀರಿಗೆ ಅಡುಗೆ ಸೋಡ ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ನಿಂತ ಮೇಲೆ ಮತ್ತೆ ಬಗ್ಗಿಸಿ. ಲಿಟ್ಮಸ್ ಕೆಂಪಾಗುವುದಿಲ್ಲ, ಆದರೆ ಮೇಜು ಅಷ್ಟೇ ಒದ್ದೆ. (ನೊರೆ ಬರುತ್ತಿರುವಾಗ ಮುಚ್ಚಳ ಬಿಗಿಯಬೇಡಿ.)

ಯಾವ ಲಕ್ಷಣಕ್ಕೆ ಎಷ್ಟು ಗುಣ?

ಅನ್ನನಾಳದ ಒಳಪದರ ತರಚಿ ಹುಣ್ಣಾಗಿದ್ದರೆ ಈ ಮದ್ದುಗಳ ಸಾಮರ್ಥ್ಯದ ಬಗ್ಗೆ ಅನುಮಾನ ಬೇಡ. ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಪ್ರಜೋಲ್ ಮದ್ದು ಪಡೆದವರ ಪೈಕಿ ಶೇಕಡ 84 ಮಂದಿಯ ಹುಣ್ಣು ಮಾಯ್ದಿತ್ತು. ಹಿಸ್ಟಮೀನ್ ತಡೆಯುವ ಮದ್ದಿನಿಂದ ಶೇಕಡ 52, ಹುಸಿ ಮಾತ್ರೆಯಿಂದ ಶೇಕಡ 28.

ಎದೆಯುರಿ ಇದ್ದೂ ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣದವರೇ ಹೆಚ್ಚು. ಅವರಲ್ಲಿ ಮಾತ್ರೆಯ ಫಲ ಕಡಿಮೆ ಎಂದು ಬಹುಕಾಲ ನಂಬಲಾಗಿತ್ತು. 2012ರ ಒಂದು ಒಟ್ಟು ವಿಶ್ಲೇಷಣೆ ಇದರ ಗುಟ್ಟು ಬಿಡಿಸಿತು. ನಾಲ್ಕು ವಾರಗಳ ನಂತರ ಉರಿ ಸಂಪೂರ್ಣ ನಿಂತವರು ಹುಣ್ಣಿದ್ದವರಲ್ಲಿ ಶೇಕಡ 72. ಹುಣ್ಣಿಲ್ಲದೆ, ಬರಿಯ ಊಹೆಯ ಮೇಲೆ ಮದ್ದು ಪಡೆದವರಲ್ಲಿ ಶೇಕಡ 50ರ ಆಸುಪಾಸು. ಆದರೆ ಹುಣ್ಣಿಲ್ಲದಿದ್ದರೂ ಪಿಎಚ್ ಪರೀಕ್ಷೆಯಲ್ಲಿ ಆಮ್ಲದ ಹರಿವು ಖಚಿತವಾಗಿದ್ದವರಲ್ಲಿ? ಶೇಕಡ 73. ಮದ್ದು ದುರ್ಬಲವಾಗಿರಲಿಲ್ಲ, ಆಮ್ಲದಿಂದ ಬಂದಿರದ ಉರಿಗೂ ಅದನ್ನು ಕೊಟ್ಟು ಲೆಕ್ಕ ಹಾಕಲಾಗಿತ್ತು.

ಬಾಯಿಗೆ ನೀರು ಬರುವ ಲಕ್ಷಣಕ್ಕೆ ಹುಸಿ ಮಾತ್ರೆಗಿಂತ ದೊರೆಯುವ ಹೆಚ್ಚುವರಿ ಲಾಭ ನೂರಕ್ಕೆ ಸುಮಾರು 17 ಮಂದಿಗೆ ಮಾತ್ರ ಎಂದು 2011ರ ಒಂದು ಸಮೀಕ್ಷೆ ಕಂಡುಕೊಂಡಿತು. ಗಂಟಲ ಕಿರಿಕಿರಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಭಾವ, ಧ್ವನಿ ಒಡೆಯುವುದು (ಪಾಠ ಹೇಳುವವರಿಗೆ ಚಿರಪರಿಚಿತ ತೊಂದರೆಗಳು) - ಇವಕ್ಕೂ ಈ ಮಾತ್ರೆ ಧಾರಾಳವಾಗಿ ಬರೆಯಲ್ಪಡುತ್ತದೆ. ಬ್ರಿಟನ್ನಿನಲ್ಲಿ ಇಂಥ 346 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ 16 ವಾರ ಲ್ಯಾನ್ಸೊಪ್ರಜೋಲ್, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ: ಎರಡೂ ಗುಂಪಿನವರು ಸುಧಾರಿಸಿದರು, ಸರಿಸುಮಾರು ಸಮನಾಗಿ. ಹುಸಿ ಮಾತ್ರೆಯ ಗುಂಪು ಇಲ್ಲದಿದ್ದರೆ ಎಲ್ಲರೂ ಮದ್ದನ್ನೇ ಹೊಗಳುತ್ತಿದ್ದರು. ವೈಜ್ಞಾನಿಕ ವಿಧಾನದಲ್ಲಿ ಹೋಲಿಕೆಯ ಗುಂಪು ಏಕೆ ಬೇಕೆಂದು ಹೇಳಿಕೊಡುವಾಗ ಈ ಉದಾಹರಣೆ ಉಪಯೋಗಕ್ಕೆ ಬರಬಹುದು.

'ಮಾತ್ರೆಗೆ ಬಗ್ಗದ ಎದೆಯುರಿ' ಎಂದು ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಿಗೆ ಬಂದ 366 ಮಂದಿಯ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನನಗೆ ಇದು ಇವೆಲ್ಲಕ್ಕಿಂತ ಸ್ವಾರಸ್ಯಕರ. ಮೊದಲು ಎಲ್ಲರಿಗೂ ಒಮೆಪ್ರಜೋಲನ್ನು ಊಟಕ್ಕೆ ಮೊದಲು, ಕಟ್ಟುನಿಟ್ಟಾಗಿ, ಎರಡು ವಾರ ಕೊಟ್ಟರು. ಅಷ್ಟರಿಂದಲೇ 42 ಮಂದಿ ಗುಣಮುಖರಾದರು! ಉಳಿದವರನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ 99 ಮಂದಿಯ ಉರಿಗೆ ಆಮ್ಲವೂ ಕಾರಣವಲ್ಲ, ಹರಿವೂ ಕಾರಣವಲ್ಲ. ಅವರ ಅನ್ನನಾಳದ ನರಗಳೇ ಅತಿಸೂಕ್ಷ್ಮವಾಗಿದ್ದವು. 23 ಮಂದಿಗೆ ಅನ್ನನಾಳದ ಬೇರೆ ರೋಗಗಳಿದ್ದವು. ಹಲವರು ನಡುವೆ ಬಿಟ್ಟುಹೋದರು, ಅಥವಾ ಬೇರೆ ಕಾರಣಗಳಿಂದ ಅವರನ್ನು ಕೈಬಿಡಲಾಯಿತು. ಹಿಮ್ಮುಖ ಹರಿವೇ ಕಾರಣವೆಂದು ಖಚಿತವಾಗಿ ಕೊನೆಗೆ ಉಳಿದವರು 78. ಇವರಲ್ಲಿ ಕವಾಟವನ್ನು ಬಿಗಿಗೊಳಿಸುವ ಶಸ್ತ್ರಕ್ರಿಯೆ ಶೇಕಡ 67 ಮಂದಿಗೆ ಫಲ ಕೊಟ್ಟಿತು. ಮದ್ದುಗಳ ಪ್ರಮಾಣ, ಬಗೆ ಹೆಚ್ಚಿಸಿದ್ದು ಶೇಕಡ 28 ಮಂದಿಗೆ. ಬಾಗಿಲಿನ ದೋಷಕ್ಕೆ ಬಾಗಿಲನ್ನೇ ರಿಪೇರಿ ಮಾಡಿದಾಗ ಹೆಚ್ಚು ಗುಣ ಕಂಡಿತು. ಆದರೆ ಅಂಥ ರಿಪೇರಿ ಬೇಕಾದವರು ಬಂದವರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಎಂಬುದನ್ನೂ ಗಮನಿಸಿ.

ನಿಲ್ಲಿಸಿದಾಗ ಏಕೆ ಉರಿ?

"ಬಿಟ್ಟರೆ ಎರಡೇ ದಿನದಲ್ಲಿ ಮತ್ತೆ ಉರಿ ಬರುತ್ತದೆ; ಆದ್ದರಿಂದ ನನಗಿದು ಜೀವನಪೂರ್ತಿ ಬೇಕು" ಎಂಬ ಮಾತನ್ನು ನೀವು ಕೇಳಿರಬಹುದು. ಈ ತರ್ಕದಲ್ಲಿ ಒಂದು ಬಿರುಕಿದೆ. ಆಮ್ಲ ತಗ್ಗಿದಾಗ ದೇಹ ಗ್ಯಾಸ್ಟ್ರಿನನ್ನು ಏರಿಸುತ್ತದೆ ಎಂದೆವಲ್ಲ? ವಾರಗಟ್ಟಲೆ ಹೀಗಿದ್ದರೆ ಆಮ್ಲ ಸ್ರವಿಸುವ ಏರ್ಪಾಡು ಬಲಿಯುತ್ತದೆ. ಮಾತ್ರೆ ತಟ್ಟನೆ ನಿಂತಾಗ ಆಮ್ಲ ಮೊದಲಿಗಿಂತಲೂ ಹೆಚ್ಚಾಗಿ ಉಕ್ಕುತ್ತದೆ. ಡೆನ್ಮಾರ್ಕಿನಲ್ಲಿ ಯಾವ ತೊಂದರೆಯೂ ಇಲ್ಲದ 120 ಆರೋಗ್ಯವಂತರ ಮೇಲೆ ನಡೆದ ಪ್ರಯೋಗ (2009) ಇದನ್ನು ತೋರಿಸಿತು. ಅರ್ಧ ಮಂದಿಗೆ ಎಂಟು ವಾರ ಎಸೊಮೆಪ್ರಜೋಲ್ ಕೊಟ್ಟು, ಅವರಿಗೆ ತಿಳಿಯದಂತೆ ನಾಲ್ಕು ವಾರ ಹುಸಿ ಮಾತ್ರೆಗೆ ಬದಲಾಯಿಸಿದರು. ಉಳಿದವರಿಗೆ ಹನ್ನೆರಡು ವಾರವೂ ಹುಸಿ ಮಾತ್ರೆ. ಕೊನೆಯ ನಾಲ್ಕು ವಾರಗಳಲ್ಲಿ ಎದೆಯುರಿ, ಹುಳಿತೇಗು ಮುಂತಾದವು ಮದ್ದು ಪಡೆದಿದ್ದವರಲ್ಲಿ ಶೇಕಡ 44 ಮಂದಿಗೆ, ಪಡೆಯದವರಲ್ಲಿ ಶೇಕಡ 15 ಮಂದಿಗೆ ಕಂಡವು. ಎಂದೂ ಎದೆಯುರಿ ಇಲ್ಲದವರಿಗೆ ಮದ್ದು ನಿಲ್ಲಿಸಿದ್ದೇ ಎದೆಯುರಿ ತಂದಿತ್ತು! ಈ ಉಕ್ಕು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮದ್ದು ಬೇಡವೆಂದು ವೈದ್ಯರು ನಿರ್ಧರಿಸಿದರೆ, ಆ ವಾರಗಳನ್ನು ಪ್ರತ್ಯಾಮ್ಲದ ದ್ರಾವಣ ಅಥವಾ ಫೆಮೊಟಿಡೀನಿನ ನೆರವಿನಿಂದ ದಾಟಬಹುದು.

ಹಾಗೆಂದು ಹೆದರಿ ಮದ್ದನ್ನು ಬಿಸಾಡುವುದೂ ತಪ್ಪು. ಮೂಳೆ ಸವೆತ, ಮೂತ್ರಪಿಂಡದ ತೊಂದರೆ, ಮರೆವು ಎಂದು ಪತ್ರಿಕೆಗಳಲ್ಲಿ ಬರುವ ಪಟ್ಟಿ ಉದ್ದವಾದದ್ದು. ಬಹುಪಾಲು ಅದು ಮದ್ದು ತೆಗೆದುಕೊಂಡವರನ್ನೂ ಕೊಳ್ಳದವರನ್ನೂ ಹೋಲಿಸಿದ ಅವಲೋಕನಗಳಿಂದ ಬಂದದ್ದು. ಮದ್ದು ಬೇಕಾದವರು ಮೊದಲೇ ಹೆಚ್ಚು ಕಾಯಿಲೆಯವರಾಗಿರುತ್ತಾರೆ. 17,598 ಮಂದಿಗೆ ಪ್ಯಾಂಟೊಪ್ರಜೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಸರಾಸರಿ ಮೂರು ವರ್ಷ ಗಮನಿಸಿದ ಅಧ್ಯಯನದಲ್ಲಿ (2019) ಸ್ಪಷ್ಟವಾಗಿ ಹೆಚ್ಚಿದ್ದು ಕರುಳಿನ ಸೋಂಕು ಮಾತ್ರ: ಶೇಕಡ 1.0ರ ಬದಲು 1.4. ದೀರ್ಘಕಾಲದ ಸೇವನೆಯಿಂದ ಕೆಲವರಲ್ಲಿ ಮೆಗ್ನೀಸಿಯಮ್ ಮತ್ತು ಬಿ-12 ಜೀವಸತ್ವ ಕಡಿಮೆಯಾಗುವುದೂ ಉಂಟು. ತೀವ್ರ ಹುಣ್ಣು ಇರುವವರು, ಅನ್ನನಾಳದ ಒಳಪದರ ಬದಲಾಗಿರುವವರು, ಆಸ್ಪಿರಿನ್‌ನಂಥ ಮದ್ದುಗಳಿಂದ ರಕ್ತಸ್ರಾವದ ಅಪಾಯ ಇರುವವರು ಇದನ್ನು ತಾವಾಗಿ ನಿಲ್ಲಿಸಬಾರದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿನಡಿ ಹೃದಯಾಘಾತವೂ ಅಡಗಿರಬಹುದು. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ಬೆವರು, ಏದುಸಿರು ಬಂದರೆ ಮಾತ್ರೆ ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ, ಇಸಿಜಿ ಆಗಲಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ - ಇವಿದ್ದರೂ ಮಾತ್ರೆ ನುಂಗಿ ಕಾಯುವಂತಿಲ್ಲ, ಎಂಡೋಸ್ಕೋಪಿ ಬೇಕಾಗುತ್ತದೆ.

ಇನ್ನು ನಮ್ಮ ಶಿಕ್ಷಕರ ವಿಷಯ. ವೈದ್ಯರು ಮಾತ್ರೆಯನ್ನು ಎರಡು ಮಾಡಲಿಲ್ಲ. ಇದ್ದ ಒಂದನ್ನೇ ರಾತ್ರಿಯಿಂದ ಬೆಳಗಿನ ತಿಂಡಿಯ ಮುಂಚೆಗೆ ಸರಿಸಿದರು. ಹರಿವಿಗೆ ಬೇರೆ ಉಪಾಯ ಹೇಳಿದರು: ತೂಕ ಇಳಿಸುವುದು, ರಾತ್ರಿ ಊಟಕ್ಕೂ ನಿದ್ರೆಗೂ ಮೂರು ಗಂಟೆ ಅಂತರ, ತಲೆಯ ಕಡೆ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ. ಎರಡು ದಿಂಬು ಇಟ್ಟುಕೊಂಡರೆ ಸಾಲದು, ಅದರಿಂದ ಕತ್ತು ಬಗ್ಗಿ ಹೊಟ್ಟೆಯೇ ಒತ್ತಿಕೊಳ್ಳುತ್ತದೆ. ಇಡೀ ಮುಂಡ ಇಳಿಜಾರಾಗಬೇಕು. ಜೊತೆಗೆ, ಎಡಮಗ್ಗುಲಿಗೆ ಮಲಗುವುದು. ಜಠರದ ಹೊಟ್ಟೆಭಾಗ ಎಡಕ್ಕೆ ಉಬ್ಬಿಕೊಂಡಿದೆ. ಎಡಕ್ಕೆ ಹೊರಳಿದಾಗ ದ್ರವ ಆ ಗುಣಿಯಲ್ಲಿ ನಿಂತು, ಅನ್ನನಾಳದ ಬಾಯಿ ಅದರ ಮಟ್ಟಕ್ಕಿಂತ ಮೇಲಿರುತ್ತದೆ. ಬಲಕ್ಕೆ ಹೊರಳಿದರೆ ಅದೇ ಬಾಯಿ ದ್ರವದಲ್ಲಿ ಮುಳುಗುತ್ತದೆ. 2001ರ ಪ್ರಯೋಗದಲ್ಲಿ ಸಂಶೋಧಕರು ತಮ್ಮ 12 ಮಂದಿಯನ್ನು ಊಟದ ನಂತರ ಬಲಮಗ್ಗುಲಿಗೇ ಮಲಗಿಸಿದ್ದರು. ಎರಡು ಗಂಟೆಯಲ್ಲಿ ಅಷ್ಟೊಂದು ಬಾರಿ ಹರಿವು ಸಿಕ್ಕಿದ್ದು ಹಾಗೆ.